ಶಾಂತಾ ಕಾಕು ಒಲೆಯ ಮುಂದೆ ಕೂತ ದಿನ

ಮೊನ್ನೆ ಔಷಧಿ ಅಂಗಡಿಯಲ್ಲಿ ಯಾರದೋ ಕೈಜಾರಿ ಡೆಟಾಲ್ ಬಾಟಲಿ ಬಿದ್ದು ಒಡೆಯಿತು. ಉಳಿದವರು ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನಾನು ಅಲ್ಲೇ ನಿಂತೆ. ಆ ವಾಸನೆ ನಿಮಗೆ ಆಸ್ಪತ್ರೆಯನ್ನು ನೆನಪಿಸಬಹುದು. ನನಗೆ ನೆನಪಾಗುವುದು ನಮ್ಮೂರು ಕಿಣ್ಣಿ ಸುಲ್ತಾನದ ಮನೆಯ ಹಿತ್ತಲು, ಅಲ್ಲಿ ಡೆಟಾಲ್ ನೀರಿನಲ್ಲಿ ತೊಳೆದು ಹಗ್ಗದ ಮೇಲೆ ಒಣಹಾಕಿದ್ದ, ಬಣ್ಣಬಣ್ಣದ ರವಿಕೆ ಖಣದ ಪಟ್ಟಿಗಳು, ಅವುಗಳ ಒಡತಿ ಶಾಂತಾ ಕಾಕು.

ಕಾಕು ಎಂದರೆ ನನ್ನ ಕಾಕಾನ, ಚಿಕ್ಕಪ್ಪನ, ಹೆಂಡತಿ. ಅವಳು ರೊಟ್ಟಿ ಬಡಿಯುವ ಸದ್ದಿಗೇ ನಮಗೆ ಬೆಳಗಾಗುತ್ತಿತ್ತು. ಎಂಬತ್ತರ ದಶಕದಲ್ಲಿ ಅವಳಿಗೆ ಮಲದಲ್ಲಿ ರಕ್ತ ಹೋಗತೊಡಗಿತು. ಮೂಲವ್ಯಾಧಿ ಇರಬೇಕೆಂದು ಮಜ್ಜಿಗೆ ಕುಡಿದು, ನಾಟಿ ಔಷಧಿ ನುಂಗಿ ಒಂದು ವರ್ಷ ಕಳೆದಳು. ಇಂಥದ್ದನ್ನು ಬಾಯಿಬಿಟ್ಟು ಹೇಳುವುದಾದರೂ ಯಾರಿಗೆ? ನಿಲ್ಲಲಾಗದಷ್ಟು ನಿಶ್ಶಕ್ತಿಯಾದಾಗ ಕಾಕಾ ಸೊಲ್ಲಾಪುರಕ್ಕೆ ಕರೆದೊಯ್ದ. ದೊಡ್ಡ ಕರುಳಿನ ಕ್ಯಾನ್ಸರ್ ಎಂದರು. ಕೆಟ್ಟ ಭಾಗ ಕತ್ತರಿಸಿ ತೆಗೆದು, ಹೊಟ್ಟೆಯ ಎಡಮಗ್ಗುಲಿಗೆ ಮಲ ಹೋಗಲು ಬೇರೆ ದಾರಿ ಮಾಡಿ, ಅಲ್ಲೊಂದು ಚೀಲ ಕಟ್ಟಿದರು. ಆಮೇಲೆ ತಿಂಗಳುಗಟ್ಟಲೆ ಸಲಾಯಿನ್ನಿನಲ್ಲಿ ಔಷಧಿ, ವಾಂತಿ. ಕೊನೆಗೊಂದು ದಿನ ಡಾಕ್ಟರು, "ಈಗಂತೂ ರೋಗ ಕಾಣಸೂದಿಲ್ಲ. ತಪಾಸಣಿ ತಪ್ಪಸಬ್ಯಾಡ್ರಿ. ದಿನಾ ನಡೀರಿ, ಹೊತ್ತಿಗೆ ಸರಿಯಾಗಿ ಉಣ್ರಿ," ಎಂದು ಕಳಿಸಿದರು.

ಮನೆಯಲ್ಲಿ ಅವಳಿಗಾಗಿ ಬೇರೆ ತಾಟು, ಬೇರೆ ತಂಬಿಗೆ ಕಾಯುತ್ತಿದ್ದವು. ಕ್ಯಾನ್ಸರ್ ಎಂಬ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. 'ಆ ಬ್ಯಾನಿ' ಎನ್ನುತ್ತಿದ್ದರು, ಅದೂ ದನಿ ತಗ್ಗಿಸಿ. ನನ್ನ ಅಜ್ಜಿ, ಎಂದರೆ ಕಾಕುವಿನ ಅತ್ತೆ, ಪೂಜೆಗೆ ಕೂತವಳನ್ನು ಮೊದಲ ದಿನವೇ ತಡೆದಳು.

"ಹೊಟ್ಟಿ ಮ್ಯಾಲ ಹೊಲಸ ಕಟಗೊಂಡು ಲಿಂಗಪೂಜಿ ಹ್ಯಾಂಗ ಮಾಡ್ತಿ ಬೇ?"

"ಎಲ್ಲಾರ ಹೊಟ್ಟ್ಯಾಗೂ ಅದೇ ಅದರಿ ಅತ್ತಿ. ನಂದು ಹೊರಗದ, ನಿಮ್ದು ಒಳಗದ. ಲಿಂಗಕ್ಕ ಸೂತಕ ಇಲ್ಲಂತ ನನಗ ಕಲಿಸಿದವರು ನೀವೇ."

ಕಾಕು ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದಳು.

ಸೂರ್ಯ ಹುಟ್ಟುವ ಮೊದಲೇ ಆಳಂದ ರಸ್ತೆಗುಂಟ ನಡೆದು ಬರುತ್ತಿದ್ದಳು. ಉಳ್ಳಾಗಡ್ಡಿ ತಿಂದರೆ ಚೀಲದಲ್ಲಿ ಗಾಳಿ ತುಂಬುತ್ತದೆಂದು ತಾನೇ ತಿಂದು ನೋಡಿ ಕಂಡುಕೊಂಡು ಬಿಟ್ಟಳು. ಹಲ್ಲಿಗೆ ಮಿಶ್ರಿ ತಿಕ್ಕುವ ಹೊಗೆಸೊಪ್ಪಿನ ಚಟವನ್ನೂ ಬಿಟ್ಟಳು. ಆಪರೇಷನ್ನಿಗೆ ಅಳದವಳು ಮಿಶ್ರಿ ಡಬ್ಬಿ ತಿಪ್ಪೆಗೆ ಎಸೆದು ಬಂದು ಅತ್ತಳು. ಚೀಲ ಜಾರದಂತೆ ಸೊಂಟಕ್ಕೆ ಕಟ್ಟಲು ಹೊಸ ಖಣ ಹರಿದು ಪಟ್ಟಿ ಹೊಲಿದುಕೊಂಡಳು.

"ಸೀರೀ ಒಳಗಿಂದು ಯಾರ್ ನೋಡ್ತಾರ ಕಾಕು?" ಎಂದೆ.

"ನಾ ನೋಡ್ತೇನಲ್ಲೋ!"

ಇನ್ನು ನನ್ನ ವಿಷಯ. ಆಗ ಗುಲಬರ್ಗಾದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಜೆಯಲ್ಲಿ ಬಂದಾಗ, ಕ್ಯಾನ್ಸರ್ ಅಂಟುರೋಗವಲ್ಲವೆಂದು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ಕಾಕು ಚಹಾ ತಂದರೆ ಮಾತ್ರ, "ಈಗಷ್ಟ ಕುಡದೀನಿ," ಎನ್ನುತ್ತಿದ್ದೆ.

ಆ ವರ್ಷ ನನ್ನ ಅಕ್ಕನ ಕುಬಸ, ಎಂದರೆ ಸೀಮಂತ, ನಮ್ಮ ಮನೆಯಲ್ಲೇ ಆಯಿತು. ಚೊಚ್ಚಲ ಬಸುರಿ, ಅವಳ ಗಂಡನ ಮನೆಯವರೆಲ್ಲ ಬಂದಿದ್ದರು. ಹಿತ್ತಲಲ್ಲಿ ಎರಡು ಒಲೆ ಹೂಡಿದ್ದರು. ಕಾಕು ಡೆಟಾಲ್ ಹಾಕಿದ ನೀರಿನಲ್ಲಿ ಮೊಳಕೈವರೆಗೆ ತೊಳೆದುಕೊಂಡು ಬಂದು ಒಂದು ಒಲೆಯ ಮುಂದೆ ಕೂತೇಬಿಟ್ಟಳು.

"ಏಳಲ್ಲಿಂದ. ಬೀಗರು ಬಂದಾರ," ಅಂದಳು ಅಜ್ಜಿ.

"ಬೀಗರಿಗೇ ಮಾಡಾಕತ್ತೇನಿ," ಕಾಕು ಹಿಟ್ಟು ನಾದುತ್ತಲೇ ಹೇಳಿದಳು. "ನಾ ಸೊಲ್ಲಾಪುರಕ್ಕ ಸಾಯಾಕ ಹೋಗಿದ್ದಿಲ್ರಿ ಅತ್ತಿ, ಬದುಕಾಕ ಹೋಗಿದ್ದೆ. ಬದುಕಿ ಬಂದೀನಿ. ಇನ್ನ ಮೂಲ್ಯಾಗ ಕೂಡೂದಿಲ್ಲ."

ಅವಳ ರೊಟ್ಟಿ ಬುಟ್ಟಿ ತುಂಬಿತು. ಆದರೆ ಬಡಿಸುವವರು ಇನ್ನೊಂದು ಒಲೆಯ ಬುಟ್ಟಿಯಿಂದಲೇ ಒಯ್ಯುತ್ತಿದ್ದರು. ರೊಟ್ಟಿ ತರಲೆಂದು ಹೋದ ನನ್ನ ಕೈಯೂ ಆ ಇನ್ನೊಂದು ಬುಟ್ಟಿಗೇ ಹೋಯಿತು. ಕಾಕು ನೋಡಿದಳು. ಇನ್ನೊಂದು ರೊಟ್ಟಿ ಬಡಿಯತೊಡಗಿದಳು.

ಆಗ ಪಡಸಾಲೆಯಿಂದ ಅಕ್ಕನ ದನಿ ಬಂತು. ಹಸಿರು ಸೀರೆ, ಕೈತುಂಬ ಬಳೆ, ಮುಂದೆ ಮುಟ್ಟದ ತಾಟು.

"ನನಗ ಶಾಂತಾ ಕಾಕು ಮಾಡಿದ್ದ ರೊಟ್ಟಿ ಬೇಕು. ಬಯಕಿ ಆಗ್ಯಾದ."

ಬಸುರಿಯ ಬಯಕೆಗೆ ಇಲ್ಲ ಎನ್ನುವ ಧೈರ್ಯ ಅಜ್ಜಿಗೂ ಇರಲಿಲ್ಲ. ಅಕ್ಕ ಎಲ್ಲರೆದುರು ಒಂದು ತಿಂದಳು, ಇನ್ನೊಂದು ಕೇಳಿದಳು. ಪಕ್ಕದಲ್ಲಿದ್ದ ಅವಳ ಅತ್ತೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಎಷ್ಟ ಮೆತ್ತಗವರಿ, ನನಗೂ ಹಾಕ್ರಿ," ಅಂದರು. ಆಮೇಲೆ ಬುಟ್ಟಿಯ ತಳ ಕಾಣಲು ಹೊತ್ತು ಹಿಡಿಯಲಿಲ್ಲ. ಸಂಜೆ ಹಲ್ಲಿಲ್ಲದ ಅಜ್ಜಿ ಉಳಿದ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಉಂಡಳು. ನಾಚಿಕೆ ನುಂಗಿಕೊಂಡು ನಾನು ಹೋಗುವಷ್ಟರಲ್ಲಿ ಏನೂ ಉಳಿದಿರಲಿಲ್ಲ.

"ಓದಿದವರಿಗೆ ತಡಾಗಿ ತಿಳೀತಾದ," ಎಂದು ಕಾಕು ನಕ್ಕಳು.

ಪ್ರತಿ ಮೂರು ತಿಂಗಳಿಗೊಮ್ಮೆ ಅವಳು ತಪಾಸಣೆಗೆ ಹೋಗುತ್ತಿದ್ದಳು. ಹಿಂದಿನ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಆದರೂ ಒಂದು ಬಸ್ಸನ್ನೂ ತಪ್ಪಿಸಿಕೊಳ್ಳಲಿಲ್ಲ. ವರ್ಷಗಳು ಕಳೆದ ಮೇಲೆ ಡಾಕ್ಟರು, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ರೋಗ ಮರಳಲಿಲ್ಲ. ಎಷ್ಟೋ ಕಾಲದ ನಂತರ, ತಲೆಯೆಲ್ಲ ಬೆಳ್ಳಗಾಗಿ, ವಯಸ್ಸಾಗಿಯೇ ಹೋದಳು.

ಮೊನ್ನೆ ಅಂಗಡಿಗೆ ನಾನು ಹೋಗಿದ್ದು ಮೂಲವ್ಯಾಧಿಯ ಮುಲಾಮಿಗೆ. ಎರಡು ತಿಂಗಳಿಂದ ನನಗೂ ರಕ್ತ ಹೋಗುತ್ತಿದೆ. ಹೆಂಡತಿಗೂ ಹೇಳಿರಲಿಲ್ಲ. ಮುಲಾಮು ಕೊಳ್ಳದೆ ನೇರ ದವಾಖಾನೆಗೆ ನಡೆದೆ. ಚೀಟಿ ಬರೆಯುವ ಹುಡುಗಿ ತುಂಬಿದ ಸಾಲಿನೆದುರೇ ಏನಾಗಿದೆಯೆಂದು ಕೇಳಿದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ನಾಲ್ಕು ಜನ ತಿರುಗಿ ನೋಡಿದರು. ನೋಡಲಿ.

ನಾಳೆ ಪರೀಕ್ಷೆ ಇದೆ. ಭಯವಾಗುತ್ತಿದೆ. ಹೋಗುತ್ತೇನೆ.