ಹುಳುಗಳಿಗೆ ಜ್ವರ ಬಂದ ದಿನ ಅರಮನೆಗೆ

ರೇಷ್ಮೆ ಹುಳು ಸಾಕುವ ಮನೆಯವರಿಗೆ ಬಿಡುವು ಸಿಗುವುದು ಹುಳುಗಳಿಗೆ ಜ್ವರ ಬಂದಾಗ ಮಾತ್ರ. ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು, ಒಂದು ದಿನ ಅಲ್ಲಾಡದೆ ಮಲಗುತ್ತದೆ. ಅಂಥದೊಂದು ದಿನ ನೋಡಿಕೊಂಡು ಅವ್ವ ಮೈಸೂರಿನ ಅರಮನೆಗೆ ಹೊರಟಳು.

ಅದಕ್ಕೆಲ್ಲ ಕಾರಣ ಅಪ್ಪನ ಅಕ್ಕ, ನನ್ನ ಸೋದರತ್ತೆ. ಯಳಂದೂರು ಸೀಮೆಯ ನಮ್ಮ ಮನೆಯಲ್ಲಿ ದೊಡ್ಡವರೆಲ್ಲ ಅರಮನೆ ಕಂಡವರೇ. ಅವ್ವ ಕೊಳ್ಳೇಗಾಲದ ಕಡೆಯ ಸತ್ತೇಗಾಲದವಳು, ಅವಳು ಹುಟ್ಟಿದಾಗ ಆ ಸೀಮೆ ಬ್ರಿಟಿಷರ ಮದ್ರಾಸಿಗೆ ಸೇರಿತ್ತು. "ನಿಮ್ ಕಡೆಯೋರ್ಗೆ ರಾಜ್ನೇ ಇರ್ನಿಲ್ವಲ್ಲ, ದರ್ಬಾರ್ ಹಾಲ್ ಅಂದ್ರೆ ನಿಂಗೇನ್ ಗೊತ್ತು?" ಎಂದು ಅತ್ತೆ ಬಂದಾಗಲೆಲ್ಲ ಚುಚ್ಚುತ್ತಿದ್ದಳು. ಎರಡು ಸೀಮೆಗಳೂ ಒಂದೇ ರಾಜ್ಯವಾಗಿ ವರ್ಷಗಳಾಗಿದ್ದವು, ಅತ್ತೆಯ ನಾಲಿಗೆಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ.

ಹುಳು ನೋಡಿಕೊಳ್ಳಲು ಅಜ್ಜಿಯನ್ನು ಬಿಟ್ಟು, ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಅಪ್ಪ, ಅವ್ವ, ನಾನು ರೈಲು ಹತ್ತಿದೆವು. ನಾನು ಕಿಟಕಿಗೆ ಅಂಟಿಕೊಂಡೆ. ಅವ್ವ ಕೂತಲ್ಲಿ ಕೂರಲಿಲ್ಲ. ನಂಜನಗೂಡಿನಲ್ಲಿ ಗಾಡಿ ನಿಂತಷ್ಟು ಹೊತ್ತೂ ಚಡಪಡಿಸಿದಳು.

"ಇದ್ಯಾಕ್ ಓಗಕಿಲ್ಲ? ಉಳ ಬೇಗ ಎದ್ಬುಟ್ರೆ? ನಿಮ್ಮವ್ವಂಗೆ ಕಣ್ಣು ಮಂಜು, ನೆಂದ ಸೊಪ್ಪು ಆಕ್ಬುಟ್ರೆ?"

"ನಾಳೆ ಗಂಟ ಏಳಕಿಲ್ಲ, ಸುಮ್ಕಿರಮ್ಮಿ," ಎಂದ ಅಪ್ಪ.

ಹಿಂದಿನ ಬೆಳೆಯ ಹುಳುಗಳು ನೆಂದ ಸೊಪ್ಪು ತಿಂದೇ ತಟ್ಟೆಗಟ್ಟಲೆ ಕೊಳೆತುಹೋಗಿದ್ದವು. ಅದು ನನಗೂ ಗೊತ್ತಿತ್ತು. ಆದರೂ ರೈಲನ್ನು ನೆಮ್ಮದಿಯಾಗಿ ನೋಡಲು ಬಿಡುವುದಿಲ್ಲವಲ್ಲ ಎಂದು ಸಿಟ್ಟು ಬಂತು.

ಅರಮನೆಯಲ್ಲಿ ಚಪ್ಪಲಿ ಬಿಟ್ಟು ಕಲ್ಯಾಣ ಮಂಟಪಕ್ಕೆ ಬಂದೆವು. ಬಣ್ಣದ ಗಾಜಿನ ಚಾವಣಿಯನ್ನು ಅವ್ವ ಬಾಯಿಗೆ ಸೆರಗಿಟ್ಟುಕೊಂಡು ನೋಡಿದಳು. ಇಡೀ ದಿನದಲ್ಲಿ ಅವಳು ಹುಳು ಮರೆತದ್ದು ಅಷ್ಟೇ ಹೊತ್ತು. ಆಮೇಲೆ ನೆಲ ನೋಡಿದಳು. ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ಬೆಳಕಿಂಡಿಯ ಬಿಸಿಲು ಒರಳಿನ ಹತ್ತಿರ ಬಂದರೆ ಸೊಪ್ಪು ಹಾಕುವ ಹೊತ್ತು. ಅರಮನೆಯ ನೆಲದ ಬೆಳಕಿನಲ್ಲಿ ಅವಳು ಏನು ಲೆಕ್ಕ ಹಾಕಿದಳೋ, ಮೇಲಿನ ದರ್ಬಾರ್ ಹಾಲಿಗೆ ಹತ್ತುವ ಮೆಟ್ಟಿಲ ಬುಡದಲ್ಲಿ ಗಕ್ಕನೆ ನಿಂತುಬಿಟ್ಟಳು.

"ಒತ್ತು ವಾಲ್ಬುಡ್ತು. ನಡೀರಿ."

"ಇದ್ಕೇ ಅಲ್ವೇನಮ್ಮಿ ನಾವ್ ಬಂದಿದ್ದು? ಮೇಲತ್ತಿ ಒಂದ್ಗಳಿಗೆ ನೋಡು."

"ನೀವ್ ನೋಡ್ಕಬನ್ನಿ. ನಾನ್ ಓಯ್ತೀನಿ."

ಅವಳನ್ನು ಒಬ್ಬಳನ್ನೇ ಕಳಿಸುವ ಹಾಗಿರಲಿಲ್ಲ. ನಾನು ದಾರಿಯುದ್ದಕ್ಕೂ ಕಾಲು ಅಪ್ಪಳಿಸಿಕೊಂಡೇ ನಡೆದೆ. ನಾವು ಬೇಗ ಬಂದೆವೆಂದು ರೈಲೇನು ಬೇಗ ಹೊರಡುತ್ತದೆಯೇ? ಸ್ಟೇಷನ್ನಿನ ಬೆಂಚಿನ ಮೇಲೆ ಮೂವರೂ ಮುಖ ಊದಿಸಿಕೊಂಡು ಕೂತೆವು. ಅಷ್ಟು ಹೊತ್ತಿನಲ್ಲಿ ಇಡೀ ಅರಮನೆ ನೋಡಿ ಬರಬಹುದಿತ್ತು.

ಮನೆ ಸೇರಿದೊಡನೆ ಅವ್ವ ಬುಡ್ಡಿದೀಪ ಹಿಡಿದು ಹುಳುವಿನ ಕೋಣೆಗೆ ನುಗ್ಗಿದಳು. ಬೆಳಿಗ್ಗೆ ಬಿಟ್ಟಂತೆಯೇ ಎಲ್ಲವೂ ತಲೆಯೆತ್ತಿ ಮಲಗಿದ್ದವು. "ಇನ್ನೂ ಎದ್ದೇ ಇಲ್ವಲ್ಲ," ಎಂದಳು. ಖುಷಿಪಡಬೇಕಾದವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅತ್ತಳು. ನನ್ನ ಸಿಟ್ಟೆಲ್ಲ ಇಳಿದು ಸಂಕಟವಾಯಿತು.

ನಾಲ್ಕೈದು ದಿನಕ್ಕೆ ಅತ್ತೆ ಬಂದಳು. ಹುಳುಗಳು ಎದ್ದು ಸರಸರ ಮೇಯುತ್ತಿದ್ದವು.

"ಕಂಡ್ಯಾ ದರ್ಬಾರ್ ಹಾಲ?"

ಅವ್ವನ ಪರವಾಗಿ ಸುಳ್ಳು ಹೇಳಲು ನಾನು ಬಾಯಿ ತೆರೆದೆ. ಅವ್ವ ತಟ್ಟೆಯಿಂದ ಕಣ್ಣೆತ್ತದೆ ಸೊಪ್ಪು ಹರಡುತ್ತಲೇ ಹೇಳಿದಳು:

"ಮೆಟ್ಲು ಗಂಟ ಓಗಿದ್ದೆ ಕಣತ್ಗೆ. ಅಲ್ ನಿಂತ್ರೂ ನಂಗೆ ಇವೇ ಕಾಣ್ತಿದ್ವು."