ಶಿವಲಿಂಗವ್ವ ಬಿಡದೆ ಒತ್ತಿ ಹಿಡಿದ ಮಧ್ಯಾಹ್ನ

ಗದಗಿನ ಶಿವಲಿಂಗವ್ವ ಕನ್ನಡ ನಡೆಯದ ದೂರದೂರು ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಂಟಿ ಕನ್ನಡ ನೌಕರರಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. ೧೯೫೬ರ ಬೇಸಿಗೆಯಲ್ಲಿ ಅವಳ ಗಂಡ, ಫಿಟ್ಟರ್ ಚನ್ನಬಸಪ್ಪನ ಮೊಣಕಾಲ ಹಿಂದಿನ ರಕ್ತನಾಳ ಗಡ್ಡೆಯಂತೆ ಉಬ್ಬಿತು. ರೈಲ್ವೆ ಆಸ್ಪತ್ರೆಯ ಡಾಕ್ಟರು, ಉಬ್ಬಿದ್ದು ಒಡೆಯದಿರಲೆಂದು, ತೊಡೆ ಕೊಯ್ದು ಆ ನಾಳವನ್ನು ಮೇಲ್ಗಡೆ ಕಟ್ಟಿದರು.

ಎಂಟನೆಯ ದಿನ ಮಧ್ಯಾಹ್ನ ಗಂಜಿ ಕುಡಿಸುವಾಗ ಅವನೆಂದ: "ಶಿವಿ, ತೊಡಿ ಯಾಕೋ ಬೆಚ್ಚಗಾಗಾಕತ್ತೈತಿ."

ಹೊದಿಕೆ ಸರಿಸಿದರೆ ಪಟ್ಟಿ ತೊಯ್ದು, ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳ ಚೀರಾಟಕ್ಕೆ ಓಡಿಬಂದ ನರ್ಸ್ ಅವಳ ಮುಷ್ಟಿಯನ್ನೇ ಅವನ ತೊಡೆಸಂದಿಗೆ ಒತ್ತಿಸಿ, "ಛೋಡ್ನಾ ನಹೀ!" ಎಂದು ಡಾಕ್ಟರನ್ನು ಕರೆಯಲು ಓಡಿದಳು. ಬಿಡಬಾರದು ಎಂಬುದಷ್ಟೇ ಶಿವಲಿಂಗವ್ವನಿಗೆ ತಿಳಿಯಿತು.

ಅವಳು ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಗಂಡನ ತುಟಿ ಬಿಳಿಚಿತು, ಕಣ್ಣು ಮುಚ್ಚತೊಡಗಿದವು. "ಕಣ್ಣ ತೆರೀರಿ, ನನ್ನ ನೋಡ್ರಿ" ಎಂದು ಗೋಗರೆದಳು. ಕೈ ಮರಗಟ್ಟಿತು. ಕೊಂಚ ಸಡಿಲಿಸಿದರೂ ಅವನು ಹೋಗಿಬಿಡುತ್ತಾನೆಂದು ಉಸಿರಾಡಲೂ ಅಂಜಿದಳು.

ಡಾಕ್ಟರು ಬಂದು ಅವಳ ಕೈಯ ಪಕ್ಕದಲ್ಲೇ ತಮ್ಮ ಕೈ ಊರಿ, ಬಿಡು ಎಂದು ಸನ್ನೆ ಮಾಡಿದರು.

"ಬಿಟ್ಟರ ಹೋಗ್ತಾರ್ರೀ!" ಎಂದಳು. ಕಡೆಗೆ ನರ್ಸೇ ಅವಳ ಕೈ ಬಿಡಿಸಬೇಕಾಯಿತು.

ಕಟ್ಟಿದ ಕಡೆ ಒಡೆದಿದ್ದ ನಾಳವನ್ನು ಡಾಕ್ಟರು ಆಗಲೇ ಇನ್ನೂ ಮೇಲೆ ಕಟ್ಟಿದರು. ಚನ್ನಬಸಪ್ಪ ಉಳಿದ, ಕುಂಟುತ್ತಲೇ ಕೆಲಸಕ್ಕೆ ಮರಳಿದ. ಶಿವಲಿಂಗವ್ವ ಮತ್ತೆ ನೌಕರರಿಗೆ ರೊಟ್ಟಿ ಬಡಿಯಲು ಕೂತಳು.