ಕುಸುಬಿ ಹೊಲದ ಕಪ್ಪು ಹುಳ

ನನ್ನ ಕಾಕಾ ಬದುಕಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಕಣ್ಣಿನಲ್ಲಿ ಅವರು ಇನ್ನೂ ಬದುವಿನ ಮೇಲೆ ಬಿದ್ದೇ ಇದ್ದಾರೆ.

ಅಂದು ಚಿದ್ರಿಯ ನಮ್ಮ ಮನೆಯಿಂದ ಔರಾದ ಕಡೆಯ ಅವರ ಹೊಲಕ್ಕೆ ಹೋಗಿದ್ದೆ. ಕುಸುಬಿಯ ಕುಡಿಗಳಿಗೆ ರಸ ಹೀರುವ ಹೇನು ಹತ್ತಿ ಎಲೆಯೆಲ್ಲ ಜಿಗುಟಾಗಿತ್ತು. ಹೇನುಗಳ ನಡುವೆ ಕಿತ್ತಳೆ ಚುಕ್ಕೆಯ, ಮೈಯೆಲ್ಲ ಮುಳ್ಳಾದ ಕಪ್ಪು ಹುಳಗಳು ಓಡಾಡುತ್ತಿದ್ದವು.

"ಸಣ್ಣ ಮೊಸಳಿ ಇದ್ದಂಗ ಅವ ನೋಡು. ನೀ ಬಿಎಸ್ಸಿ ಓದಿದಾಕಿ, ಹೇಳವ್ವ, ಔಷಧ ಹೊಡಿಲೇನು?" ಎಂದರು ಕಾಕಾ.

"ಹೇನಿಗಿಂತ ಇವೇ ಕೆಟ್ಟ ಕಾಣ್ತಾವರಿ ಕಾಕಾ. ಹೊಡೀರಿ."

ಬುತ್ತಿ ತಂದಿದ್ದ ಕಾಕಿ ಸುಮ್ಮನಿರಲಿಲ್ಲ. "ನಾಕು ದಿನ ತಡೀರಿ ಅಂತ ನಾ ಬಡಕೊಂಡ್ರ ಕೇಳಂಗಿಲ್ಲ. ಕಾಲೇಜಿನಾಕಿ ಅಂದ್ಲು, ಪಂಪು ಹೆಗಲಿಗೇರ್ತು!"

ಅರ್ಧ ಹೊಲ ಆಗುವಷ್ಟರಲ್ಲಿ ಪಂಪಿನ ಮೂತಿ ಕಟ್ಟಿತು. ಕಾಕಾ ಅದನ್ನು ಬಿಚ್ಚಿ ಬಾಯಿಗಿಟ್ಟು ಊದಿದರು. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ. ನಾನು ನೋಡುತ್ತ ನಿಂತಿದ್ದೆ. ಮತ್ತೆ ಕಟ್ಟಿತು, ಮತ್ತೆ ಊದಿದರು. ಗಾಳಿ ಎದುರಿಗಿತ್ತು, ಅಂಗಿ ತೊಯ್ದು ಮೈಗೆ ಅಂಟಿತ್ತು. ಸ್ವಲ್ಪ ಹೊತ್ತಿಗೆ, "ಯಾಕೋ ಕಣ್ಣು ಮಬ್ಬಾಗ್ಯಾವ" ಎನ್ನುತ್ತ ಬದುವಿಗೆ ಬಂದವರು ಕುಸಿದರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

ಜೀಪಿನಲ್ಲಿ ಬೀದರ್ ಮುಟ್ಟುವವರೆಗೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಗೊರಗೊರ ಎನ್ನುತ್ತಿದ್ದ ಉಸಿರು ನಡುನಡುವೆ ನಿಲ್ಲುತ್ತಿತ್ತು. ಆಗ ನಾನೂ ಉಸಿರು ಹಿಡಿಯುತ್ತಿದ್ದೆ.

ವಾರ್ಡಿನ ಹೊರಗೆ ಕೂತು ಫೋನಿನಲ್ಲಿ ಆ ಹುಳವನ್ನು ಹುಡುಕಿದೆ. ಗುಲಗಂಜಿ ಹುಳದ ಮರಿ! ಕೆಂಪು ಬೆನ್ನಿನ ಬೆಳೆದ ಹುಳವನ್ನು ಕಾಲೇಜಿನ ರೆಕಾರ್ಡ್ ಬುಕ್ಕಿನಲ್ಲಿ ನಾನೇ ಚೆಂದಾಗಿ ಬಿಡಿಸಿದ್ದೆ. ಅದರ ಮರಿ ಹೇಗಿರುತ್ತದೆಂದು ನೋಡಿರಲೇ ಇಲ್ಲ. ಅವು ಹೇನು ತಿನ್ನಲು ಬಂದಿದ್ದವು.

ಕಾಕಾ ಆ ಮೂತಿ ಊದಿದ್ದು ಈಗಲೂ ಕಣ್ಣ ಮುಂದಿದೆ. ಮೊನ್ನೆ ನೌಬಾದಿನಲ್ಲಿ ಮಗುವೊಂದರ ಹುಟ್ಟುಹಬ್ಬಕ್ಕೆ ಯಾರೋ ಬಲೂನು ಬಾಯಿಗಿಟ್ಟರು. ನಾನು ಕಿತ್ತುಕೊಂಡುಬಿಟ್ಟೆ.

ಆಗ ಕಾಕಾ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಭಾಲ್ಕಿಯಿಂದ ನೋಡಲು ಬಂದ ಬೀಗರ ಮುಂದೆಲ್ಲ, "ಇಕಿ ಇದ್ದಿದ್ದಕ್ಕ ಉಳದೀನ್ರಿ" ಎನ್ನುತ್ತಿದ್ದರು. ಕೇಳಲಾಗಲಿಲ್ಲ. ಬೀಗರು ಹೋದ ಮೇಲೆ ಹುಳದ ವಿಷಯ ಪೂರ್ತಿ ಹೇಳಿದೆ.

ಒಳಗೆ ಕಾಕಿ ರೊಟ್ಟಿ ಬಡಿಯುತ್ತಿದ್ದರು.

"ಅಂದ್ರ ಹೊಡಿಯೋದೇ ಬೇಕಿರಲಿಲ್ಲ?"

"ಇಲ್ಲರಿ ಕಾಕಾ."

ಅವರು ಅಡುಗೆಮನೆ ಕಡೆ ನೋಡಿ ದನಿ ಇಳಿಸಿದರು.

"ನಿಮ್ಮ ಕಾಕಿ ಮುಂದ ಹೇಳಬ್ಯಾಡ."